ಅಸ್ತಿತ್ವವಾದಕ್ಕೊಂದು ಸಂಶೋಧನಾ ಸಂಸ್ಥೆ ಕಲಬುರಗಿಯಲ್ಲಿ: ಎಲ್ಲಿಂದ ಮೊದಲು ಮಾಡುವುದು?

ನಿವೃತ್ತ ಮಾಸ್ತರ್, ಕಲಬುರಗಿ

ಮಿತ್ರರೇ, ಎರಡು ತಿಂಗಳಿಂದ ನಾವು ನಾಲ್ಕೈದು ಜನ ಕೂಡಿ ಒಂದು ಪ್ರಸ್ತಾವ ಸಿದ್ಧಪಡಿಸುತ್ತಿದ್ದೇವೆ. ಒಬ್ಬೊಬ್ಬ ಮನುಷ್ಯನ ಬದುಕು, ಆಯ್ಕೆ, ಹೊಣೆಗಳಿಂದ ಮೊದಲಾಗುವ ತತ್ವಚಿಂತನೆಯಾದ ಅಸ್ತಿತ್ವವಾದವನ್ನು ನಡುವಿಟ್ಟುಕೊಂಡು ವೈದ್ಯರು, ಸಾಹಿತ್ಯದವರು, ಸಮಾಜಶಾಸ್ತ್ರದವರು, ಧರ್ಮಗಳ ಅಧ್ಯಯನ ಮಾಡುವವರು ಒಟ್ಟಿಗೆ ಕುಳಿತು ಕೆಲಸ ಮಾಡುವಂಥ ಸಂಶೋಧನಾ ಸಂಸ್ಥೆಯೊಂದು ನಮ್ಮ ಊರಿನಲ್ಲಿ ಆಗಬೇಕೆಂಬುದು ಅದರ ಸಾರ. ನಿನ್ನೆ ರಾತ್ರಿ ಕರಡನ್ನು ಇನ್ನೊಮ್ಮೆ ಓದಿದಾಗ ನನಗೇ ನಾಚಿಕೆಯಾಯಿತು. 14 ಪುಟಗಳಲ್ಲಿ 11 ಪುಟ ಕಟ್ಟಡದ ವಿವರವೇ ತುಂಬಿದೆ: ಸಭಾಂಗಣಕ್ಕೆ ಎಷ್ಟು ಕುರ್ಚಿ, ಅತಿಥಿಗೃಹಕ್ಕೆ ಎಷ್ಟು ಕೋಣೆ, ಮುಂಬಾಗಿಲಿಗೆ ಯಾವ ಕಲ್ಲು. ಒಳಗೆ ಕೂತವರು ಏನು ಓದುತ್ತಾರೆ, ಯಾವ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತಾರೆ ಎಂಬುದಕ್ಕೆ ಒಂದೂವರೆ ಪುಟ. ಈ ಭಾಗದಲ್ಲಿ ಭವನಗಳಿಗೇನೂ ಕೊರತೆಯಿಲ್ಲ. ಉದ್ಘಾಟನೆಯ ದಿನ ಕಟ್ಟಿದ ತೋರಣದ ಹಗ್ಗ ಇನ್ನೂ ಜೋತಾಡುತ್ತಿರುವ ಭವನವೊಂದು ನಮ್ಮ ಓಣಿಯ ಹತ್ತಿರವೇ ಇದೆ. ಅದರ ಕೀಲಿಕೈ ಯಾರ ಬಳಿ ಇದೆಯೆಂದು ಕೇಳಿದರೆ ಮೂವರು ಮೂರು ಹೆಸರು ಹೇಳುತ್ತಾರೆ.

ಆದ್ದರಿಂದ ಕರಡನ್ನು ಪಕ್ಕಕ್ಕಿಟ್ಟು ಮೂಲ ಪ್ರಶ್ನೆಯನ್ನೇ ಇಲ್ಲಿ ಎತ್ತುತ್ತಿದ್ದೇನೆ. ಅಸ್ತಿತ್ವವಾದ ಎಂದೊಡನೆ ನಮ್ಮಲ್ಲಿ ಹಲವರಿಗೆ ಪೈಪು ಸೇದುವ ಫ್ರೆಂಚ್ ತತ್ವಜ್ಞಾನಿ ಸಾರ್ತ್ರೆ, ಪ್ಯಾರಿಸ್ಸಿನ ಕಾಫಿ ಹೋಟೆಲು, ನವ್ಯ ಕಾದಂಬರಿಯ ಒಂಟಿ ನಾಯಕ ನೆನಪಾಗುತ್ತಾರೆ. ಅದು ಈ ಚಿಂತನೆಯ ಒಂದು ತುಣುಕು ಮಾತ್ರ. ಕೋಪನ್‌ಹೇಗನ್ನಿನ ತತ್ವಜ್ಞಾನಿ ಕಿರ್ಕೆಗಾರ್ಡ್ 1840ರ ದಶಕದಲ್ಲಿ ಎತ್ತಿದ ಆಕ್ಷೇಪ ಬಹಳ ಸರಳವಾದದ್ದು: ಜಗತ್ತಿನ ಚರಿತ್ರೆಯನ್ನೆಲ್ಲ ಒಂದೇ ವ್ಯವಸ್ಥೆಯಲ್ಲಿ ಅಡಕಮಾಡುವ ತತ್ವಶಾಸ್ತ್ರವು, ಇವತ್ತು ಬೆಳಿಗ್ಗೆ ಎದ್ದು ತನ್ನ ಬದುಕಿನ ಬಗ್ಗೆ ಒಂದು ತೀರ್ಮಾನ ಮಾಡಲೇಬೇಕಾದ ಒಬ್ಬ ಮನುಷ್ಯನಿಗೆ ಏನು ಹೇಳುತ್ತದೆ? ಮುಂದೆ ಇದೇ ಪ್ರಶ್ನೆ ಹಿಡಿದವರಲ್ಲಿ ಕಾರ್ಲ್ ಯಾಸ್ಪರ್ಸ್ ಮೂಲತಃ ಹೈಡೆಲ್‌ಬರ್ಗಿನ ಮನೋವೈದ್ಯರು. 1913ರಲ್ಲಿ, ತಮ್ಮ 30ನೇ ವಯಸ್ಸಿಗೆ, ಮನೋರೋಗಶಾಸ್ತ್ರದ ಹಿರಿದಾದ ಗ್ರಂಥವೊಂದನ್ನು ಬರೆದು, ಆಮೇಲೆ ತತ್ವಶಾಸ್ತ್ರಕ್ಕೆ ಬಂದವರು. ಸಾವು, ನೋವು, ಹೋರಾಟ, ಅಪರಾಧ ಇವನ್ನು ಅವರು ‘ಗಡಿ ಸನ್ನಿವೇಶ’ಗಳೆಂದು ಕರೆದರು; ಅವನ್ನು ನಿವಾರಿಸಲು ಬರುವುದಿಲ್ಲ, ಅವುಗಳ ಎದುರು ನಿಂತಾಗಲೇ ಮನುಷ್ಯನಿಗೆ ತಾನು ಯಾರೆಂಬುದು ತಿಳಿಯುತ್ತದೆ ಎಂದರು. ಎಂದರೆ ಬೇರೆ ಬೇರೆ ಶಾಸ್ತ್ರಗಳ ನಡುವಿನ ಮಾತುಕತೆ ಅಸ್ತಿತ್ವವಾದಕ್ಕೆ ಆಮೇಲೆ ತೊಡಿಸಿದ ಒಡವೆಯಲ್ಲ. ಅದರ ಒಂದು ಬೇರು ಆಸ್ಪತ್ರೆಯಲ್ಲಿಯೇ ಇದೆ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗವಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಮೆಡಾರ್ಡ್ ಬಾಸ್ ಅವರು ಜರ್ಮನಿಯ ತತ್ವಜ್ಞಾನಿ ಹೈಡೆಗರ್ ಅವರನ್ನು ವೈದ್ಯರ ಮುಂದೆ ಕೂರಿಸಿ 1959ರಿಂದ 1969ರವರೆಗೆ ವಿಚಾರಗೋಷ್ಠಿಗಳನ್ನು ನಡೆಸಿದರು. ಮೊದಲನೆಯದು ಜ್ಯೂರಿಕ್ ವಿಶ್ವವಿದ್ಯಾಲಯದ ಮನೋರೋಗ ಆಸ್ಪತ್ರೆಯ ಅತ್ಯಾಧುನಿಕ ಸಭಾಂಗಣದಲ್ಲಿ ನಡೆಯಿತು. ಆ ಕೋಣೆ ಇಂಥ ಮಾತಿಗೆ ಹೊಂದದೆ ಹೋದದ್ದರಿಂದ ಎರಡನೆಯದನ್ನು ಬಾಸ್ ಅವರು ಜೊಲ್ಲಿಕಾನ್‌ನಲ್ಲಿದ್ದ ತಮ್ಮ ಮನೆಗೇ ತಂದರು. 50ರಿಂದ 70 ಮಂದಿ ವೈದ್ಯರು, ವಿದ್ಯಾರ್ಥಿಗಳು ಬಂದು ಕೂರುತ್ತಿದ್ದರು. ಆಡಿದ ಮಾತನ್ನು ಬರೆದಿಟ್ಟುಕೊಂಡರು. ಅದು ಗ್ರಂಥವಾಗಿ ಹೊರಬಂದದ್ದು 1987ರಲ್ಲಿ. ಸಭಾಂಗಣ ಸೋತ ಕಡೆ ಪಡಸಾಲೆ ಗೆದ್ದಿತು. ನನ್ನ ಸಲಹೆಯೂ ಇಷ್ಟೇ: ಕಟ್ಟಡದ ಮಾತು ಬಿಡೋಣ, ಭಾನುವಾರ ಸಂಜೆ ನನ್ನ ಮನೆಯ ಪಡಸಾಲೆಯಲ್ಲಿ ಕೂರೋಣ, ಆಡಿದ್ದನ್ನು ಬರೆದಿಡೋಣ. ಐದು ವರ್ಷದ ಬಳಿಕ ಸಂಸ್ಥೆ ಬೇಕೆನಿಸಿದರೆ ಆಗ ನೋಡೋಣ. ತಮ್ಮ ಅಭಿಪ್ರಾಯವನ್ನು ಮುಲಾಜಿಲ್ಲದೆ ಬರೆಯಿರಿ.

ಬೀದರಿನ ವೈದ್ಯೆ

ಸರ್, ಬರಹಕ್ಕೆ ವಂದನೆಗಳು. ನಾನು ಮನೋವೈದ್ಯಕೀಯದಲ್ಲಿ ಕೆಲಸ ಮಾಡುವವಳು. ತತ್ವಶಾಸ್ತ್ರ ನನ್ನ ವಿಷಯವಲ್ಲ. ಆದರೂ ನನ್ನ ಹೊರರೋಗಿ ವಿಭಾಗದ ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕೆನಿಸಿದೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಎಪ್ಪತ್ತರ ಸಮೀಪದ ಹಿರಿಯಳೊಬ್ಬಳು ಮೂರು ತಿಂಗಳಿಂದ ನಿದ್ದೆಯಿಲ್ಲವೆಂದು ಬಂದಿದ್ದಳು. “ಏನರ ಅಂಜಿಕಿ ಅದ ಏನವ್ವಾ?” ಎಂದು ಕೇಳಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಜಿಕಿ ಇಲ್ರೀ, ಖಾಲಿ ಗಾಬರಿ ಆಗ್ಲತ್ತದ” ಎಂದಳು. ಯಾತಕ್ಕೆ ಗಾಬರಿ ಎಂದರೆ, ಯಾತಕ್ಕೂ ಅಲ್ಲ. ಅಂಜಿಕೆ ಬೇರೆ, ಗಾಬರಿ ಬೇರೆ ಎಂದು ನಾನು ಆಕೆಗೆ ಹೇಳಿಕೊಟ್ಟಿರಲಿಲ್ಲ. ಆಕೆಯೇ ಎರಡನ್ನೂ ಬೇರ್ಪಡಿಸಿ ನನ್ನ ಮುಂದೆ ಇಟ್ಟಳು. ಮನೆಗೆ ಬಂದು ಕಿರ್ಕೆಗಾರ್ಡ್ 1844ರಲ್ಲಿ ಇದರ ಬಗ್ಗೆಯೇ ಬರೆದದ್ದನ್ನು ಓದಿದೆ. ಭಯಕ್ಕೆ ಒಂದು ವಸ್ತು ಇರುತ್ತದೆ, ಹುಲಿಯೋ ಸಾಲ ಕೊಟ್ಟವನೋ ಕಾಯಿಲೆಯೋ. ಆದರೆ ಆತ ಹೇಳುವ ಆ ಇನ್ನೊಂದು ಸ್ಥಿತಿಗೆ ಬೆರಳು ಮಾಡಿ ತೋರಿಸುವಂಥ ವಸ್ತುವಿಲ್ಲ, ಎದುರಿಗಿರುವುದು ತನ್ನದೇ ಸಾಧ್ಯತೆಗಳು. ಕನ್ನಡದಲ್ಲಿ ಇದಕ್ಕೆ ಆತಂಕ, ಉದ್ವೇಗ, ತಳಮಳ, ದುಗುಡ ಎಂದೆಲ್ಲ ಬರೆಯುತ್ತಾರೆ. ನಮ್ಮ ರೋಗಿಗಳಲ್ಲಿ ಒಬ್ಬರೂ ‘ಉದ್ವೇಗ’ ಎಂದದ್ದನ್ನು ನಾನು ಕೇಳಿಲ್ಲ. ಅವರು ಹೇಳುವುದು ಗಾಬರಿ. ಉರ್ದು ಮಾತನಾಡುವವರು ಘಬರಾಹಟ್ ಎನ್ನುತ್ತಾರೆ. ಓಣಿ ಬೇರೆಯಾದರೂ ಮಾತು ಒಂದೇ.

ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಥೈರಾಯಿಡ್ ಹೆಚ್ಚಾದರೂ ಗಾಬರಿಯಾಗುತ್ತದೆ, ರಕ್ತದಲ್ಲಿ ಸಕ್ಕರೆ ಇಳಿದರೂ ಆಗುತ್ತದೆ, ಎದೆಬಡಿತ ತಪ್ಪಿದರೂ ಆಗುತ್ತದೆ. ರಕ್ತಪರೀಕ್ಷೆ ಮಾಡಿಸದೆ ಯಾರ ಗಾಬರಿಯನ್ನೂ ತತ್ವಜ್ಞಾನಕ್ಕೆ ಒಪ್ಪಿಸಬಾರದು. ಯಾಸ್ಪರ್ಸ್ ತಮ್ಮ 1913ರ ಗ್ರಂಥದಲ್ಲಿ ಕಾರಣವನ್ನು ವಿವರಿಸುವುದು ಬೇರೆ, ಒಬ್ಬರ ಅನುಭವವನ್ನು ಅರ್ಥಮಾಡಿಕೊಳ್ಳುವುದು ಬೇರೆ ಎಂದು ಗೆರೆ ಎಳೆದದ್ದು ಇದಕ್ಕಾಗಿಯೇ. ನಮಗೆ ಎರಡೂ ಬೇಕು, ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಬಾರದು. ಈ ಷರತ್ತು ಒಪ್ಪಿಗೆಯಾದರೆ ತಿಂಗಳಿಗೊಮ್ಮೆ ಬೀದರಿನಿಂದ ಬರಲು ನಾನು ಸಿದ್ಧ.

ತೊಗರಿ ಹೊಲ, ಯಾದಗಿರಿ

ಹಿರಿಯರು ತಪ್ಪು ತಿಳಿಯಬಾರದು. ಈ ವರ್ಷ ನಮ್ಮ ಕಡೆ ತೊಗರಿಗೆ ನೆಟೆ ರೋಗ ಬಿದ್ದಿದೆ. ಊರಿನ ಅರ್ಧ ಜನ ಗುಳೆ ಹೋಗಿದ್ದಾರೆ. ಇಂಥ ಹೊತ್ತಿನಲ್ಲಿ ಡೆನ್ಮಾರ್ಕಿನವನ ತಳಮಳವನ್ನು ಕಟ್ಟಿಕೊಂಡು ನಾವೇನು ಮಾಡಬೇಕು? ಮನುಷ್ಯ ಯಾಕೆ ಹುಟ್ಟಿದ, ಸತ್ತು ಎಲ್ಲಿಗೆ ಹೋಗುತ್ತಾನೆ ಎಂಬುದನ್ನೇ ವಿಚಾರ ಮಾಡಬೇಕಿದ್ದರೆ ಕಡಕೋಳ ಮಡಿವಾಳಪ್ಪನವರ ಪದಗಳಿವೆ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳಿವೆ. ಅಮಾವಾಸ್ಯೆಯ ರಾತ್ರಿ ನಮ್ಮ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ ಹಿಡಿದು ಬೆಳಗಾಗುವ ತನಕ ಹಾಡುತ್ತಾರೆ. ಒಂದು ಪದ ಮುಗಿದ ಮೇಲೆ ಅದರ ಅರ್ಥಕ್ಕಾಗಿ ಜಗಳವೇ ಆಗುತ್ತದೆ. ಅದು ಸಂಶೋಧನಾ ಸಂಸ್ಥೆಯಲ್ಲವೇ? ಅಲ್ಲಿ ಯಾರಿಗೂ ಪ್ರಸ್ತಾವ ಬರೆಯುವ ಪ್ರಸಂಗ ಬಂದಿಲ್ಲ.

ಕಲ್ಯಾಣದ ಓದುಗ, ಬಸವಕಲ್ಯಾಣ

ಅಣ್ಣಾ, ನಿಮ್ಮ ಮಾತಿನ ಅರ್ಧ ಒಪ್ಪುತ್ತೇನೆ. ಗುಡಿಯ ಕಟ್ಟೆಯ ಜಗಳ ಖಂಡಿತ ಸಂಶೋಧನೆಯೇ. ಆದರೆ “ನಮ್ಮಲ್ಲಿ ಎಲ್ಲವೂ ಇದೆ” ಎಂಬ ಮಾತಿನ ಬಗ್ಗೆ ನನಗೆ ಹೆದರಿಕೆಯಿದೆ. ವಚನಗಳ ಬಗ್ಗೆ ನಾನು ಕೇಳಿದ ಉಪನ್ಯಾಸಗಳಲ್ಲಿ ಅಲ್ಲಮನ ‘ಬಯಲು’ ಮತ್ತು ಸಾರ್ತ್ರೆಯ ‘ಶೂನ್ಯ’ ಒಂದೇ ಎಂದು ಅದೆಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಒಂದೇ ಅಲ್ಲ. ಸಾರ್ತ್ರೆ 1943ರ ಗ್ರಂಥದಲ್ಲಿ ಹೇಳುವ ಶೂನ್ಯವು ಮನುಷ್ಯನ ಪ್ರಜ್ಞೆಯೊಳಗಿನ ಬಿರುಕು; ಕಲ್ಲು ಕಲ್ಲಾಗಿರುವ ಹಾಗೆ ಮನುಷ್ಯ ತಾನು ತಾನೇ ಆಗಿ ಕೂರಲಾರ, ಯಾವಾಗಲೂ ಇನ್ನೂ ಆಗದೆ ಇರುವ ಒಂದರ ಕಡೆಗೆ ಚಾಚಿಕೊಂಡಿರುತ್ತಾನೆ, ಆ ಬಿರುಕು ಮುಚ್ಚುವುದಿಲ್ಲ. ಅಲ್ಲಮನ ಬಯಲಿನಲ್ಲಿ ಕೊರತೆಯೇ ಇಲ್ಲ. ನಾನು ನೀನೆಂಬ ಗೆರೆಗಳೆಲ್ಲ ಅಳಿದುಹೋದ ನಿಲವು ಅದು, ಸಾಧನೆಯಿಂದ ಸೇರಬೇಕಾದದ್ದು. ಸಾರ್ತ್ರೆಯಲ್ಲಿ ಬಿಡುಗಡೆಯಿಲ್ಲದ ಕಡೆ ಅಲ್ಲಮನಲ್ಲಿ ಬಿಡುಗಡೆಯಿದೆ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಇಬ್ಬರೂ ಚೂಪಾಗುತ್ತಾರೆ. ಬೆರೆಸಿಬಿಟ್ಟರೆ ಇಬ್ಬರೂ ಸಪ್ಪೆ.

ಹೋಲಿಕೆಗೆ ನಿಜವಾಗಿ ಸಿಗುವುದು ಚಿಕ್ಕ ಸಂಗತಿಗಳಲ್ಲಿ. ಕಿರ್ಕೆಗಾರ್ಡ್ ತನ್ನ ಹಲವು ಕೃತಿಗಳನ್ನು ಬೇರೆ ಬೇರೆ ಹುಸಿಹೆಸರುಗಳಲ್ಲಿ ಪ್ರಕಟಿಸಿದ. ಅಲ್ಲಿನ ಮಾತನ್ನು ಉಲ್ಲೇಖಿಸುವಾಗ ತನ್ನ ಹೆಸರು ಹಾಕದೆ ಆ ಹುಸಿ ಲೇಖಕನ ಹೆಸರನ್ನೇ ಹಾಕಬೇಕೆಂದು 1846ರಲ್ಲಿ ಅಚ್ಚಿನಲ್ಲೇ ಕೇಳಿಕೊಂಡ. ವಚನಕಾರರ ಅಂಕಿತವೂ ಬರೆದವರ ಹೆಸರಲ್ಲ. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಕೂಡಲಸಂಗಮದೇವ ಎಲ್ಲವೂ ದೇವರ ಹೆಸರುಗಳು. ಒಬ್ಬ ತನ್ನ ಅಧಿಕಾರವನ್ನು ಬಿಟ್ಟುಕೊಡಲು ಹೆಸರು ಮರೆಸಿಕೊಂಡ. ಇವರು ಹೇಳುವ ಮಾತಿಗೆ ದೇವರನ್ನೇ ಸಾಕ್ಷಿಗೆ ಕರೆದರು. ಎರಡೂ ಒಂದೇ ಅಲ್ಲ, ಆದರೆ “ಇಲ್ಲಿ ಮಾತನಾಡುತ್ತಿರುವ ನಾನು ಯಾರು?” ಎಂಬ ಪ್ರಶ್ನೆ ಎರಡರಲ್ಲೂ ಇದೆ. ಇಂಥ ಒಂದು ಎಳೆಯನ್ನು ಹಿಡಿದು ಆರು ತಿಂಗಳು ಕೆಲಸ ಮಾಡುವ ಜಾಗವಿದ್ದರೆ ನಾನು ಅದನ್ನು ಸಂಸ್ಥೆ ಎನ್ನುತ್ತೇನೆ. (ನಾವೆಲ್ಲ ಇಲ್ಲಿ ಹುಸಿಹೆಸರಿನಲ್ಲೇ ಬರೆಯುತ್ತಿದ್ದೇವೆ ಎಂಬುದು ಬೇರೆ ಮಾತು.)

ಕಡಗಂಚಿ ಸಂಶೋಧಕಿ

ಮಾಸ್ತರ್ ಅವರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಪ್ರಶ್ನೆ ಕೇಳುತ್ತೇನೆ. ಪಡಸಾಲೆ ಎಂದಿರಿ. ಯಾರ ಪಡಸಾಲೆ?

ನಾನು ಯಾದಗಿರಿ ಜಿಲ್ಲೆಯ ಹಳ್ಳಿಯವಳು, ದಲಿತ ಕುಟುಂಬದವಳು. ಸಂಶೋಧನೆಗೆ ಸೇರಿದ ಮೊದಲ ವರ್ಷ ಹಿರಿಯ ವಿದ್ವಾಂಸರೊಬ್ಬರ ಮನೆಗೆ ಹಸ್ತಪ್ರತಿ ನೋಡಲು ಹೋಗಿದ್ದೆ. ನನ್ನ ಜೊತೆ ಬಂದಿದ್ದ ಇಬ್ಬರನ್ನು ಒಳಗೆ ಕರೆದರು. ನನಗೆ ಹೊರಗಿನ ಕಟ್ಟೆಯ ಮೇಲೆಯೇ ಚಹಾ ಬಂತು, ಅವರಿಗೆ ಗಾಜಿನ ಲೋಟದಲ್ಲಿ, ನನಗೆ ಕಾಗದದ ಲೋಟದಲ್ಲಿ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಚಹಾ ಚೆನ್ನಾಗಿಯೇ ಇತ್ತು. ಅಂದಿನಿಂದ ಯಾರದೇ ಮನೆಯಲ್ಲಿ ಕಾರ್ಯಕ್ರಮವೆಂದರೆ ನಾನು ಬಸ್ಸಿಲ್ಲವೆಂದು ಹೇಳಿಬಿಡುತ್ತೇನೆ. ಬಸ್ಸು ಇಲ್ಲವೆಂಬುದೂ ನಿಜವೇ. ಸಂಜೆಯ ಗೋಷ್ಠಿ ಮುಗಿಸಿ ಊರು ಸೇರುವ ಬಸ್ಸು ಹಿಡಿಯಲು ನನ್ನಂಥವಳಿಗೆ ಆಗುವುದಿಲ್ಲ. ನೀವು ನಗುತ್ತಿರುವ ಭವನಕ್ಕೆ, ಅದು ಎಷ್ಟೇ ಅಸಹ್ಯವಾಗಿರಲಿ, ಒಂದು ಗುಣವಿದೆ: ಅದರ ಹೊಸ್ತಿಲು ಯಾರ ಸ್ವಂತದ್ದೂ ಅಲ್ಲ.

ಇನ್ನೊಂದು ಮಾತು. ಮನೆಗೆ ಕರೆದ ಅತಿಥಿಗೆ ಮುಜುಗರದ ಪ್ರಶ್ನೆ ಕೇಳುವುದು ಕಷ್ಟ. ತಾವು ಮೆಚ್ಚಿದ ಜೊಲ್ಲಿಕಾನಿನ ಅತಿಥಿ 1933ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್, ಎಂದರೆ ಮುಖ್ಯಸ್ಥ, ಆದವರು, ಅದೇ ವರ್ಷ ನಾಜಿ ಪಕ್ಷ ಸೇರಿದವರು. ಯುದ್ಧ ಮುಗಿದ ಮೇಲೆ 1945ರಲ್ಲಿ, ಹೈಡೆಗರ್ ಬಗ್ಗೆ ಅಭಿಪ್ರಾಯ ತಿಳಿಸಬೇಕೆಂದು ಕೇಳಿದಾಗ ಯಾಸ್ಪರ್ಸ್ ಬರೆದದ್ದನ್ನು ನಾನು ಮರೆಯಲಾರೆ: ಕೆಲವು ವರ್ಷ ಪಾಠ ಹೇಳಲು ಬಿಡಬಾರದು, ಬರವಣಿಗೆ ಮುಂದುವರಿಸಲು ಪಿಂಚಣಿ ಕೊಡಬೇಕು ಎಂಬುದು ಅವರ ಸಲಹೆಯಾಗಿತ್ತು. ಹೆಂಡತಿ ಯಹೂದಿ ಎಂಬ ಕಾರಣಕ್ಕೆ 1937ರಲ್ಲಿ ಹುದ್ದೆ ಕಳೆದುಕೊಂಡಿದ್ದ ಮನುಷ್ಯ, ಹಳೆಯ ಗೆಳೆಯನ ಬಗ್ಗೆ ಹೀಗೆ ತೂಕ ತಪ್ಪದೆ ಬರೆದರು. 2014ರಿಂದ ಹೈಡೆಗರರ ಖಾಸಗಿ ಟಿಪ್ಪಣಿ ಪುಸ್ತಕಗಳು ಅಚ್ಚಾಗತೊಡಗಿದ ಮೇಲಂತೂ ಯಹೂದಿದ್ವೇಷದ ಸಾಲುಗಳು ಎಲ್ಲರ ಕಣ್ಣ ಮುಂದಿವೆ. ಹೈಡೆಗರ್ ಓದಬಾರದೆಂದು ನಾನು ಹೇಳುತ್ತಿಲ್ಲ. ಓದುವ ಕೋಣೆಯಲ್ಲಿ ಇದನ್ನು ಕೇಳುವ ಧೈರ್ಯ ಎಲ್ಲರಿಗಿಂತ ಕಿರಿಯವರಿಗೆ ಇರಬೇಕು. ಅಂಥ ಕೋಣೆ ಯಾರ ಮನೆಯದೂ ಆಗಿರಲಾರದು.

ನಿವೃತ್ತ ಮಾಸ್ತರ್, ಕಲಬುರಗಿ

ತಂಗಿ, ನಿಮ್ಮ ಬರಹ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ನನ್ನ ಪಡಸಾಲೆ ಎಲ್ಲರಿಗೂ ತೆರೆದಿದೆಯೆಂದು ಬರೆಯಹೊರಟವನು ನಾನು. ಹಾಗೆಂದು ತೀರ್ಮಾನಿಸಿದವನೂ ನಾನೊಬ್ಬನೇ. ಮೂವತ್ತು ವರ್ಷ ತರಗತಿಯಲ್ಲಿ ಸಾರ್ತ್ರೆಯ ಆತ್ಮವಂಚನೆಯ ಅಧ್ಯಾಯ ಪಾಠ ಮಾಡಿದ್ದೇನೆ, ಪ್ರತಿಸಲವೂ ತಾನು ಬರೀ ಮಾಣಿಯೆಂಬಂತೆ ನಟಿಸುವ ಆ ಹೋಟೆಲು ಮಾಣಿಯ ಉದಾಹರಣೆಯನ್ನೇ ಕೊಟ್ಟಿದ್ದೇನೆ, ನನ್ನ ಮನೆಯ ಬಾಗಿಲಿನ ಉದಾಹರಣೆ ಹೊಳೆದಿರಲಿಲ್ಲ. ಮನೆಯ ಸಲಹೆಯನ್ನು ಹಿಂತೆಗೆದುಕೊಂಡಿದ್ದೇನೆ. ಸಂಜೆಯನ್ನೂ.

ಕಟ್ಟಡದ ಬಗ್ಗೆ ಮಾತ್ರ ನನ್ನ ಹಟ ಇನ್ನೂ ಇದೆ. ಅಮಳನೇರದ ಉದಾಹರಣೆ ನೋಡಿ. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಆ ಸಣ್ಣ ಊರಿನಲ್ಲಿ, ಬಟ್ಟೆ ಗಿರಣಿಯ ಒಡೆಯರಾದ ಪ್ರತಾಪ ಸೇಠರು 1916ರಲ್ಲಿ ತತ್ವಶಾಸ್ತ್ರದ ಸಂಶೋಧನಾ ಸಂಸ್ಥೆ ತೆರೆದರು. ಕೆ.ಸಿ. ಭಟ್ಟಾಚಾರ್ಯರಂಥ ತತ್ವಜ್ಞಾನಿಗಳು ಅಲ್ಲಿಗೆ ಬಂದು ನಿರ್ದೇಶಕರಾದರು. ಅಲ್ಲಿಂದ ಹೊರಡುತ್ತಿದ್ದ ತತ್ವಶಾಸ್ತ್ರದ ತ್ರೈಮಾಸಿಕವನ್ನು ದೇಶದ ತತ್ವಜ್ಞಾನಿಗಳೆಲ್ಲ ಓದುತ್ತಿದ್ದರು. ಅದನ್ನು ದೊಡ್ಡದು ಮಾಡಿದ್ದು ವಿದ್ವಾಂಸರಿಗೆ ಸಿಕ್ಕ ಬಿಡುವು ಮತ್ತು ಆ ಪತ್ರಿಕೆ. ನಮ್ಮ ಊರಿನಲ್ಲೂ ಎಂ.ಎಸ್.ಕೆ. ಎಂಬ ಬಟ್ಟೆ ಮಿಲ್ಲು ಇತ್ತು, ಈಗ ಅದರ ಹೆಸರು ಮಾತ್ರ ಬಡಾವಣೆಗೆ ಉಳಿದಿದೆ.

ಸರಸ್ವತಿ ಭಂಡಾರಿ, ಚಿತ್ತಾಪುರ

ನನ್ನ ಹುಸಿಹೆಸರನ್ನು ಮೊದಲು ವಿವರಿಸಿಬಿಡುತ್ತೇನೆ, ಮಾತು ಅಲ್ಲಿಂದಲೇ ಬರಬೇಕಾಗಿದೆ. ನಮ್ಮ ತಾಲೂಕಿನ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. 1058ರ ಶಾಸನದಲ್ಲಿ ಅದರ ವ್ಯವಸ್ಥೆ ವಿವರವಾಗಿದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ವೇದಕ್ಕೆ ಮೂವರು, ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರು, ಆರು ಮಂದಿ ಸರಸ್ವತಿ ಭಂಡಾರಿಗಳು. ಸರಸ್ವತಿ ಭಂಡಾರಿಗಳೆಂದರೆ ಗ್ರಂಥಪಾಲಕರು. ಗಮನಿಸಿ, ಪಾಠ ಹೇಳುವವರು ಒಟ್ಟು ಆರು, ಗ್ರಂಥ ಕಾಯುವವರೂ ಆರು. ಗ್ರಂಥಪಾಲಕನಾಗಿ ನಾನು ಈ ಲೆಕ್ಕವನ್ನು ಸಿಕ್ಕ ಸಿಕ್ಕವರಿಗೆಲ್ಲ ಹೇಳಿ ಬೇಸರ ತರಿಸಿದ್ದೇನೆ, ನೀವೂ ಸಹಿಸಿಕೊಳ್ಳಬೇಕು. (ಆ 250 ಮಂದಿಯಲ್ಲಿ ಕಡಗಂಚಿಯ ತಂಗಿಗೆ ಜಾಗವಿರುತ್ತಿರಲಿಲ್ಲ ಎಂಬುದನ್ನೂ ಬಲ್ಲೆ. ಹಳೆಯದನ್ನು ಹೊಗಳಲು ಈ ಮಾತು ತೆಗೆಯಲಿಲ್ಲ.)

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸವನ್ನು ನೀವೆಲ್ಲ ನೋಡಿದ್ದೀರಿ. ದೂರ ದೂರದ ವಿದ್ವಾಂಸರು ಬಂದು ಉಳಿದು ಕಲಿಸುತ್ತಿದ್ದ ಜಾಗ. ಕಟ್ಟಿಸಿದವರನ್ನು 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ಇಂದಿಗೂ ಉಳಿದ ಒಂದು ಮಿನಾರಿನ ಮೇಲೆ ಹಸಿರು ನೀಲಿ ಹೆಂಚುಗಳನ್ನು ಎಣಿಸಬಹುದು. ಗ್ರಂಥಭಂಡಾರದ ಒಂದು ಹಾಳೆಯೂ ಅಲ್ಲಿ ಇಲ್ಲ. ಕಟ್ಟಡ ಉಳಿದು ಪುಸ್ತಕ ಹೋದರೆ ಪ್ರವಾಸಿಗರು ಬರುತ್ತಾರೆ. ಓದುವವರು ಬರುವುದಿಲ್ಲ.

ಇದರ ತಿರುವುಮುರುವಾದ ಕಥೆ ಬೆಲ್ಜಿಯಮ್ಮಿನದು. ಹೈಡೆಗರರ ಗುರು ಹುಸ್ಸರ್ಲ್ 1938ರಲ್ಲಿ ತೀರಿಕೊಂಡಾಗ ಶೀಘ್ರಲಿಪಿಯಲ್ಲಿ ಬರೆದ ಸುಮಾರು 40,000 ಪುಟಗಳ ಹಸ್ತಪ್ರತಿಗಳು ಫ್ರೈಬರ್ಗಿನಲ್ಲಿ ಉಳಿದವು. ಹುಸ್ಸರ್ಲ್ ಯಹೂದಿ ಮೂಲದವರು. ಆ ಕಾಗದಗಳ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಪಿಎಚ್.ಡಿ. ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ವಾನ್ ಬ್ರೇಡಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ, ಬೆಲ್ಜಿಯಮ್ ರಾಯಭಾರ ಕಚೇರಿಯ ನೆರವಿನಿಂದ ಅವನ್ನೆಲ್ಲ ಲೂವೆನ್ ನಗರಕ್ಕೆ ಸಾಗಿಸಿದರು. 1939ರ ಏಪ್ರಿಲ್‌ನಲ್ಲಿ ಮೆರ್ಲೋ-ಪಾಂಟಿ ಎಂಬ ಯುವಕ ಅಲ್ಲಿಗೆ ಹೋಗಿ, ಅಚ್ಚಾಗದ ಆ ಹಾಳೆಗಳನ್ನು ಕೆಲವು ದಿನ ಕೂತು ಓದಿದ. ಆರು ವರ್ಷದ ಬಳಿಕ ಬಂದ ಅವನ ಮುಖ್ಯ ಗ್ರಂಥದಲ್ಲಿ ದೇಹದ ಬಗ್ಗೆ ಇರುವ ಚರ್ಚೆಗೆ ಆ ಓದಿನ ನೀರೂ ಹರಿದಿದೆ. ಲೂವೆನ್ನಿನಲ್ಲಿ ಮೊದಲು ಇದ್ದದ್ದು ಪೆಟ್ಟಿಗೆಗಳು, ಅವನ್ನು ಓದಬಲ್ಲ ಇಬ್ಬರು ಸಹಾಯಕರು, ಬಾಗಿಲು ತೆರೆಯುವ ಒಬ್ಬ ಪಾದ್ರಿ. ಕೋಪನ್‌ಹೇಗನ್ನಿನಲ್ಲೂ ಅಷ್ಟೇ: ಕಿರ್ಕೆಗಾರ್ಡ್ ಸಂಶೋಧನಾ ಕೇಂದ್ರದ ಮುಖ್ಯ ಕೆಲಸ ಅವನ ಬರಹಗಳ ಶುದ್ಧ ಪಾಠವನ್ನು ಟಿಪ್ಪಣಿಗಳೊಡನೆ ಹೊರತರುವುದಾಗಿತ್ತು, 1997ರಿಂದ 2013ರವರೆಗೆ 55 ಸಂಪುಟಗಳಾದವು.

ನಮ್ಮ ಕೆಲಸವೂ ಪೆಟ್ಟಿಗೆಯಿಂದಲೇ ಮೊದಲಾಗಲಿ. ಮೂರು ಜಿಲ್ಲೆಗಳ ಕಾಲೇಜುಗಳಲ್ಲಿ ತತ್ವಶಾಸ್ತ್ರ ವಿಭಾಗ ಮುಚ್ಚಿದ ಕಡೆಗಳಲ್ಲಿ ಪುಸ್ತಕಗಳು ಎಲ್ಲಿ ಹೋಗಿವೆ ಎಂಬ ಒಂದು ಪಟ್ಟಿ ಮಾಡೋಣ. ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ: ಒಂದು ಕಾಲೇಜಿನ ಕೋಣೆಯಲ್ಲಿ, ಚುನಾವಣೆಗೆ ಬಳಸಿ ಬಿಟ್ಟುಹೋದ ಬೆಂಚುಗಳ ಹಿಂದೆ, ಗೆದ್ದಲು ಅರ್ಧ ತಿಂದ ಕಪಾಟಿನಲ್ಲಿ ಈ ಚಿಂತನೆಯ ಲೇಖಕರಾದ ಬೋವಾ, ಮಾರ್ಸೆಲ್, ಬ್ಯೂಬರ್ ಎಲ್ಲ ಒಬ್ಬರ ಮೇಲೊಬ್ಬರು ಮಲಗಿದ್ದರು. ಕೊನೆಯ ಸಲ ಪುಸ್ತಕ ಒಯ್ದವರ ತಾರೀಖಿನ ಮುದ್ರೆ 1991ರದು. ಕೂರಲು ಜಾಗದ ಮಾತಿಗೆ ಬಂದರೆ, ಸಾರ್ವಜನಿಕ ಗ್ರಂಥಾಲಯದ ವಾಚನಾಲಯವನ್ನು ಹಗಲು ಹೊತ್ತಿನಲ್ಲಿ ಕೇಳಿ ಪಡೆಯಬಹುದು. ಅರ್ಜಿ ನಾನು ಬರೆಯುತ್ತೇನೆ. ಅದರ ಹೊಸ್ತಿಲು ಯಾರದೂ ಅಲ್ಲ, ಕೀಲಿಕೈ ಯಾರ ಬಳಿ ಇದೆ ಎಂಬುದೂ ಗೊತ್ತಿದೆ.

ಫರಸಿ ಕಲ್ಲು, ಶಹಾಬಾದ್

ಚರ್ಚೆಯನ್ನು ಮೊದಲಿನಿಂದ ಓದಿದೆ. ಜಾಗ, ಪುಸ್ತಕ ಆಯಿತು. ವಿಷಯಕ್ಕೆ ಬರೋಣ.

ನನ್ನ ತಂದೆ ಕಲ್ಲಿನ ಗಣಿಯಲ್ಲಿ ದುಡಿದವರು. ನಮ್ಮ ಫರಸಿ ಪದರು ಪದರಾಗಿ ಇರುತ್ತದೆ, ಉಳಿಯನ್ನು ಪದರಿನ ಸಂದಿಗೆ ಸರಿಯಾಗಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಹಲಗೆಯ ಹಾಗೆ ಎದ್ದು ಬರುತ್ತದೆ. ಅಡ್ಡ ಹೊಡೆದರೆ ಚೂರು. ಕಲ್ಲು ಎಲ್ಲಿ ಬಿಡುತ್ತದೋ ಅಲ್ಲೇ ಬಿಡಿಸಬೇಕು ಎನ್ನುತ್ತಿದ್ದರು ತಂದೆ. ಇಂಜಿನಿಯರಿಂಗ್ ಓದುವಾಗ ಸಾರ್ತ್ರೆಯ ಮಾತು ಕೇಳಿ ನನಗೆ ರೋಮಾಂಚನವಾಗಿತ್ತು: ಮನುಷ್ಯ ಮೊದಲು ಇರುತ್ತಾನೆ, ಏನಾಗಬೇಕೆಂಬುದನ್ನು ಆಮೇಲೆ ತಾನೇ ಮಾಡಿಕೊಳ್ಳುತ್ತಾನೆ. 1945ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಆ ಉಪನ್ಯಾಸಕ್ಕೆ ಜನ ಕಿಕ್ಕಿರಿದಿದ್ದರಂತೆ. ರಜೆಗೆ ಊರಿಗೆ ಬಂದವನು ತಂದೆಯ ಕೈ ನೋಡಿದೆ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನೀವು ಇದನ್ನು ಆರಿಸಿಕೊಂಡಿರಿ ಎಂದು ಆ ಮನುಷ್ಯನಿಗೆ ಹೇಳಲು ನನ್ನ ಬಾಯಿ ಬರಲಿಲ್ಲ. ನಿಮಗೆ ಆಯ್ಕೆಯೇ ಇರಲಿಲ್ಲ ಎಂದು ಹೇಳಲೂ ಬರಲಿಲ್ಲ. ಹಾಗೆಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಆಮೇಲೆ ತಿಳಿದದ್ದು, ಇದೇ ಜಗಳ ಸಾರ್ತ್ರೆಯ ಮನೆಯೊಳಗೇ ಆಗಿತ್ತು ಎಂಬುದು. ಎಲ್ಲ ಸನ್ನಿವೇಶಗಳೂ ಸಮನಲ್ಲ, ಜನಾನಾದಲ್ಲಿ ಕೂಡಿಹಾಕಿದ ಹೆಣ್ಣಿಗೆ ತನ್ನ ಸ್ಥಿತಿಯನ್ನು ಮೀರುವ ಯಾವ ದಾರಿಯಿದೆ ಎಂದು ಅವನ ಸಂಗಾತಿ ಸಿಮೋನ್ ದ ಬೋವಾ ವಾದಿಸಿದ್ದನ್ನು ಆಕೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಸಾರ್ತ್ರೆ ಆಗ ಒಪ್ಪಲಿಲ್ಲ. 1960ರ ಗ್ರಂಥದ ಹೊತ್ತಿಗೆ ಕೊರತೆ, ದುಡಿಮೆ, ಗುಂಪು ಇವೆಲ್ಲವನ್ನೂ ಅವನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮ ಸಂಸ್ಥೆ ಓದಬೇಕಾದದ್ದು ಈ ಜಗಳವನ್ನು. ಕನ್ನಡದ ನವ್ಯರು ನಮಗೆ ತಂದುಕೊಟ್ಟ ಅಸ್ತಿತ್ವವಾದದಲ್ಲಿ ಅಗ್ರಹಾರದ ಆಚಾರ್ಯರಿದ್ದಾರೆ, ಮುಂಬಯಿ ಕಂಪನಿಯ ಅಧಿಕಾರಿಯಿದ್ದಾನೆ. ಅವು ದೊಡ್ಡ ಕಾದಂಬರಿಗಳೇ, ನಾನು ಎರಡೆರಡು ಸಲ ಓದಿದ್ದೇನೆ. ಆದರೆ ಅದೇ ಮುಂಬಯಿಗೆ ರಾತ್ರಿ ರೈಲಿನ ಬಾಗಿಲಲ್ಲಿ ಕೂತು ಹೋಗುವವನ ತೀರ್ಮಾನ ಎಂಥದ್ದು ಎಂದು ಅಲ್ಲಿ ಹುಡುಕಿದರೆ ಸಿಗಲಿಲ್ಲ.

ಕಡಗಂಚಿ ಸಂಶೋಧಕಿ

ಶಹಾಬಾದಿನ ಅಣ್ಣ ಹೋಗುವವನ ಬಗ್ಗೆ ಬರೆದಿದ್ದಾರೆ. ನಾನು ಉಳಿಯುವವರ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ನಮ್ಮ ಓಣಿಯಲ್ಲಿ ದೀಪಾವಳಿ ಕಳೆದ ಮೇಲೆ ಮನೆಗಳಿಗೆ ಕೀಲಿ ಬೀಳುತ್ತದೆ. ಮಕ್ಕಳು ಮರಿ ಕಟ್ಟಿಕೊಂಡು ಪುಣೆಗೋ ಹೈದರಾಬಾದಿಗೋ ಹೊರಡುವವರು ಕೀಲಿಕೈಯನ್ನು ನಮ್ಮ ದೊಡ್ಡವ್ವನ ಕೈಗೆ ಕೊಟ್ಟು ಹೋಗುತ್ತಾರೆ. ಕಳೆದ ಸಲ ನಾನು ಹೋದಾಗ ಅವಳ ಸೆರಗಿನ ಗಂಟಿನಲ್ಲಿ ಐದು ಮನೆಯ ಕೀಲಿಕೈಗಳಿದ್ದವು. ಯಾವುದು ಯಾರದ್ದೆಂದು ಗುರುತಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದಳು. ಕಣ್ಣಿಗೆ ಪೊರೆ ಬಂದು ಬಣ್ಣ ತಿಳಿಯದಾದ ಮೇಲೆ ದಾರದ ಗಂಟುಗಳನ್ನು ಎಣಿಸಿ ಗುರುತು ಹಿಡಿಯುತ್ತಾಳೆ. ಅವಳಿಗೆ ಎಷ್ಟು ವಯಸ್ಸು ಎಂದು ಕೇಳಿದರೆ, “ನನಗೇನು ಗೊತ್ತವ್ವಾ, ನೀವು ಮುದಕಿ ಅಂತೀರಿ, ನಾ ಮುದಕಿ” ಎನ್ನುತ್ತಾಳೆ.

ಬೋವಾ 1970ರಲ್ಲಿ, ತನ್ನ 62ನೇ ವಯಸ್ಸಿನಲ್ಲಿ, ಮುಪ್ಪಿನ ಬಗ್ಗೆ ಒಂದು ದೊಡ್ಡ ಗ್ರಂಥ ಪ್ರಕಟಿಸಿದಳು. ಅದರಲ್ಲಿನ ಒಂದು ಮುಖ್ಯ ವಾದ ದೊಡ್ಡವ್ವನ ಮಾತೇ: ಮುಪ್ಪು ನಮಗೆ ಒಳಗಿನಿಂದ ತಿಳಿಯುವುದಿಲ್ಲ, ಬೇರೆಯವರ ಕಣ್ಣಿನಿಂದ ನಮಗೆ ಬಂದು ತಲುಪುತ್ತದೆ. ಹೆಣ್ಣಿನ ಸ್ಥಿತಿಯ ಬಗ್ಗೆ ಬರೆದ 1949ರ ಗ್ರಂಥದಿಂದಾಗಿ ಎಲ್ಲರಿಗೂ ಹೆಸರು ಗೊತ್ತಿರುವ ಲೇಖಕಿಯ ಈ ಕೃತಿಯನ್ನು ನಮ್ಮ ಕಡೆ ಯಾರೂ ಪಾಠಕ್ಕೆ ಇಟ್ಟದ್ದನ್ನು ನಾನು ಕಂಡಿಲ್ಲ. ಅದರ ರಚನೆಯೇ ನಮ್ಮ ಉದ್ದೇಶಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಭಾಗದಲ್ಲಿ ಜೀವಶಾಸ್ತ್ರ, ಬುಡಕಟ್ಟುಗಳ ಅಧ್ಯಯನ, ಚರಿತ್ರೆ, ಇಂದಿನ ಸಮಾಜ. ಎರಡನೆಯ ಭಾಗದಲ್ಲಿ ಮುಪ್ಪನ್ನು ಒಳಗಿನಿಂದ ಬದುಕುವವರ ದೇಹ, ಕಾಲ, ದಿನಚರಿ. ವೈದ್ಯೆಗೂ ಮಾಸ್ತರರಿಗೂ ವಚನ ಓದುವವರಿಗೂ ಅದರಲ್ಲಿ ಕೆಲಸವಿದೆ. ಮೊದಲ ಓದಿಗೆ ಇದನ್ನೇ ಇಟ್ಟುಕೊಳ್ಳೋಣ ಎಂಬುದು ನನ್ನ ಸೂಚನೆ. 1972ರ ಇಂಗ್ಲಿಷ್ ಅನುವಾದದಿಂದ ಪೀಠಿಕೆಯ ಆರು ಪುಟಗಳನ್ನು ನಾನು ಕನ್ನಡಕ್ಕೆ ಮಾಡಿ ತರುತ್ತೇನೆ. ಫ್ರೆಂಚ್ ಬಲ್ಲವರು ಯಾರಾದರೂ ಮೂಲದೊಡನೆ ತಾಳೆ ನೋಡಿದರೆ ಉಪಕಾರ.

ಕಲ್ಯಾಣದ ಓದುಗ, ಬಸವಕಲ್ಯಾಣ

ಒಪ್ಪಿಗೆ. ಅದರ ಪಕ್ಕಕ್ಕೆ ಬಸವಣ್ಣನವರ ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ವಚನವನ್ನು ಇಡೋಣ. ಅಲ್ಲಿ ಮುಪ್ಪು ಒಂದು ಎಚ್ಚರಿಕೆ, ಅದು ಬರುವ ಮುನ್ನವೇ ಮಾಡಬೇಕಾದ ಕೆಲಸ ಒಂದಿದೆ. ಬೋವಾ ಆ ದಾರಿಯನ್ನು ಹಿಡಿಯುವುದಿಲ್ಲ, ಅವಳು ಸಮಾಜಕ್ಕೆ ಲೆಕ್ಕ ಕೇಳುತ್ತಾಳೆ. ಈ ವ್ಯತ್ಯಾಸವನ್ನು ಮುಚ್ಚಿಹಾಕುವುದಿಲ್ಲ ಎಂಬ ಒಪ್ಪಂದದ ಮೇಲೆ.

ಬೀದರಿನ ವೈದ್ಯೆ

ಬರುತ್ತೇನೆ. ರೋಗಿಗಳ ಪ್ರಸಂಗ ಬಂದರೆ ಹೆಸರು, ಊರು, ಜಾತಿ, ಮನೆತನ ಯಾವುದೂ ಟಿಪ್ಪಣಿಯಲ್ಲಿ ಬರೆಯಬಾರದು, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬಾರದು. ಮತ್ತೊಂದು: ಗೋಷ್ಠಿಯಲ್ಲಿ ಯಾರಿಗಾದರೂ ತಮ್ಮದೇ ಗಾಬರಿ ಹೊರಬಂದರೆ ಅದನ್ನು ಎಲ್ಲರೆದುರು ಕೆದಕದೆ ನನ್ನ ಕಡೆ ಕಳಿಸಿ.

ತೊಗರಿ ಹೊಲ, ಯಾದಗಿರಿ

ನಾನು ವಿರೋಧ ಬರೆದವನು. ಮುದಕಿಯ ಕೀಲಿಕೈ ಓದಿದ ಮೇಲೆ ಬಿಡಲಾಗಲಿಲ್ಲ, ನಮ್ಮವ್ವನ ಗಂಟಿನಲ್ಲೂ ಎರಡು ಇವೆ. ಪದ ಹಾಡುವ ಇಬ್ಬರು ಹಿರಿಯರನ್ನು ಕರೆದುಕೊಂಡು ಬರುತ್ತೇನೆ. ಒಂದೇ ಷರತ್ತು: ಭಾಷಣಗಳ ನಡುವೆ ಅವರನ್ನು ಹಾಡಿಸಿ, ಶಾಲು ಹೊದಿಸಿ ಕಳಿಸಬಾರದು. ಅವರೂ ಮುದುಕರೇ. ಮುಪ್ಪಿನ ಬಗ್ಗೆ ಮಾತು ನಡೆಯುವಾಗ ಅವರನ್ನು ಕೇಳಬೇಕು, ಅವರು ಸುಮ್ಮನಿದ್ದರೆ ಸುಮ್ಮನಿರಲು ಬಿಡಬೇಕು.

ಸರಸ್ವತಿ ಭಂಡಾರಿ, ಚಿತ್ತಾಪುರ

ವಾಚನಾಲಯಕ್ಕೆ ಬಾಯಿಮಾತಿನ ಒಪ್ಪಿಗೆ ಸಿಕ್ಕಿದೆ, ಲಿಖಿತವಾಗಿ ಬರಬೇಕಷ್ಟೇ. ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ. ಯಾದಗಿರಿ, ಬೀದರ್ ಎರಡೂ ಕಡೆಯವರು ಹೊತ್ತು ಮುಳುಗುವ ಮೊದಲೇ ಮನೆ ಸೇರಬಹುದು. ಅನುವಾದದ ಆರು ಪುಟ ಮತ್ತು ವಚನದ 30 ಪ್ರತಿ ತೆಗೆಸುತ್ತೇನೆ. ಹಿರಿಯರು ಇರುವುದರಿಂದ ಅಕ್ಷರ ದೊಡ್ಡದಾಗಿ ಟೈಪು ಮಾಡಿ ಕಳಿಸಬೇಕೆಂದು ಸಂಶೋಧಕಿಯವರಲ್ಲಿ ವಿನಂತಿ. ಟಿಪ್ಪಣಿ ಬರೆಯುವ ಕೆಲಸ ಪ್ರತಿ ಸಲವೂ ಎಲ್ಲರಿಗಿಂತ ಕಿರಿಯವರಿಗೆ ಬೀಳುವುದು ನಮ್ಮ ಕಡೆಯ ರೂಢಿ. ಈ ಸಲ ಮಾಸ್ತರರೇ ಬರೆಯಲಿ. ಚಹಾ ಹೊರಗಿನ ಅಂಗಡಿಯಿಂದ ಬರುತ್ತದೆ. ಎಲ್ಲರಿಗೂ ಗಾಜಿನ ಲೋಟದಲ್ಲೇ ಕೊಡಬೇಕೆಂದು ಅಂಗಡಿಯವರಿಗೆ ಹೇಳಿಟ್ಟಿದ್ದೇನೆ.

ನಿವೃತ್ತ ಮಾಸ್ತರ್, ಕಲಬುರಗಿ

ಬರೆಯುತ್ತೇನೆ. ಕರಡಿನ ಆ 11 ಪುಟಗಳ ಹಿಂಬದಿ ಖಾಲಿ ಇದೆ, ಅದನ್ನೇ ತರುತ್ತೇನೆ.